ಆಪಾ, ಇಲ್ಲಿ ರಂಜಾನ್ ಅಂತ ಅನ್ನಿಸುತ್ತದಾ?

ತಂಗಿ,

ವಿಜಯಪುರದಿಂದ ಬರ್ಮಿಂಗ್‌ಹ್ಯಾಮ್‌ಗೆ ಓದಲು ಬಂದು ನಿನಗೆ ಇನ್ನೂ ಒಂದು ಚಳಿಗಾಲವೂ ಕಳೆದಿಲ್ಲ, ಅಷ್ಟರಲ್ಲಿ ರಂಜಾನ್ ಬಂತು. "ಆಪಾ, ಇಲ್ಲಿ ಆಜಾನ್ ಕೇಳಿಸುವುದಿಲ್ಲ, ಮನೆಯಲ್ಲಿರುವ ಹುಡುಗಿಯರು ಒಬ್ಬೊಬ್ಬರು ಒಂದೊಂದು ದೇಶದವರು, ರಂಜಾನ್ ಅಂತ ಅನ್ನಿಸುವುದಾದರೂ ಹೇಗೆ?" ಅಂತ ಕೇಳಿದ್ದೀಯ. ಕೆಲಸದ ಕಡೆ ಹೇಳಬೇಕಾ ಬೇಡವಾ ಅಂತಲೂ ಕೇಳಿದ್ದೀಯ.

ನೇರವಾಗಿ ಹೇಳುತ್ತೇನೆ. ನಮ್ಮೂರಿನ ರಂಜಾನ್ ಇಲ್ಲಿ ಸಿಗುವುದಿಲ್ಲ, ಹುಡುಕಲೂ ಹೋಗಬೇಡ. ಅಲ್ಲಿ ರೋಜಾದ ಉಪವಾಸ ಇರಲು ನಾವು ದೊಡ್ಡದೇನೂ ಮಾಡುತ್ತಿರಲಿಲ್ಲ, ಅಲ್ವಾ? ನಸುಕಿನ ಸಹರಿ ಊಟಕ್ಕೆ ಇನ್ನು ಹತ್ತೇ ನಿಮಿಷ ಅಂತ ಮಸೀದಿಯ ಮೈಕಿನಲ್ಲಿ ಕೂಗುತ್ತಿದ್ದರು. ಅಮ್ಮಿ ಹೊದಿಕೆ ಎಳೆದು ಎಬ್ಬಿಸುತ್ತಿದ್ದರು. ಸಂಜೆಯಾದರೆ ಓಣಿ ತುಂಬಾ ಭಜಿ ಕರಿಯುವ ವಾಸನೆ. ಮಗ್ರಿಬ್ ಆಜಾನ್ ಆದರೆ ಎಲ್ಲರ ಕೈಯೂ ಒಟ್ಟಿಗೆ ಖಜೂರದ ಕಡೆ. ಮಧ್ಯಾಹ್ನ ಕದ್ದು ನೀರು ಕುಡಿಯಲು ಹೋದರೆ ಖಾಲಾನೋ ಚಾಚಿಯೋ ಹಿಡಿದೇ ಹಿಡಿಯುತ್ತಿದ್ದರು. ಅರ್ಧ ರೋಜಾ ಊರೇ ಮಾಡಿಸುತ್ತಿತ್ತು.

ಇಲ್ಲಿ ನೀನು ಮಧ್ಯಾಹ್ನ ಕಾಫಿ ಕುಡಿದರೆ ಕೇಳುವವರಿಲ್ಲ. ಕುಡಿಯದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ರೋಜಾದ ರುಚಿ ಹತ್ತಿದ್ದು ಇಲ್ಲೇ. ನಮಾಜ್ ಮಾಡಿದರೆ ಪಕ್ಕದವರಿಗೆ ಕಾಣುತ್ತದೆ. ಜಕಾತ್ ದಾನ ಕೊಟ್ಟರೆ ತಗೊಂಡವರಿಗಾದರೂ ಗೊತ್ತಿರುತ್ತದೆ. ರೋಜಾ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. "ರೋಜಾ ನನಗಾಗಿ, ಅದರ ಫಲ ನಾನೇ ಕೊಡುತ್ತೇನೆ" ಎಂದು ಅಲ್ಲಾಹ್ ಹೇಳಿದ್ದಾಗಿ ಪ್ರವಾದಿಯವರು ತಿಳಿಸಿದ ಹದೀಸ್ ಚಿಕ್ಕಂದಿನಲ್ಲೇ ಬಾಯಿಪಾಠ ಆಗಿತ್ತು. ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ ಒಬ್ಬಳೇ ಕೂತಿದ್ದಾಗ ಅದು ನನಗೇ ಹೇಳಿದ ಮಾತು ಅನ್ನಿಸಿತು. ಒಂಟಿತನ ಇರಲಿಲ್ಲ ಅನ್ನುವುದಿಲ್ಲ. ಆದರೆ ಅದನ್ನು ಮರೆಯಲು ದಿನಾ ಒಂದೊಂದು ಇಫ್ತಾರ್ ಪಾರ್ಟಿಗೆ ಓಡಬೇಡ. ನಮ್ಮ ಮಂದಿಯ ಕೆಲವು ಪಾರ್ಟಿಗಳಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ರಾತ್ರಿಯ ತರಾವೀಹ್ ನಮಾಜಿನ ಹೊತ್ತಿಗೆ ಸೋಫಾ ಹಿಡಿಯುತ್ತಾರೆ. ನನಗಂತೂ ಹಿಡಿಸುವುದಿಲ್ಲ.

ಹೊತ್ತಿನ ವಿಷಯದಲ್ಲಿ ನೀನು ಪುಣ್ಯವಂತೆ. ಚಾಂದ್, ಅಂದರೆ ಚಂದ್ರನ ಲೆಕ್ಕದ ವರ್ಷ ಇಂಗ್ಲಿಷ್ ವರ್ಷಕ್ಕಿಂತ 10-11 ದಿನ ಚಿಕ್ಕದು, ಹಾಗಾಗಿ ರಂಜಾನ್ ಪ್ರತಿ ವರ್ಷ ಅಷ್ಟು ಮುಂಚೆ ಬರುತ್ತದೆ. ವಿಜಯಪುರದಲ್ಲಿ ಏಪ್ರಿಲ್‌ಗೆ ಬಂದರೆ 40 ಡಿಗ್ರಿ ಬಿಸಿಲು, ಗಂಟಲು ಒಣಗಿ ಹೋಗುತ್ತದೆ. ಆದರೂ ರೋಜಾ 13-14 ಗಂಟೆಯ ಆಸುಪಾಸೇ. ಇಲ್ಲಿ ಹಾಗಲ್ಲ, ಹಗಲೇ ಹಿಗ್ಗುತ್ತದೆ, ಕುಗ್ಗುತ್ತದೆ. 2016ರಲ್ಲಿ ರಂಜಾನ್ ಜೂನ್‌ನಲ್ಲಿ ಬಂದಿತ್ತು. ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ರೋಜಾ 18 ಗಂಟೆ ದಾಟುತ್ತಿತ್ತು. ಇಷಾ ನಮಾಜ್, ತರಾವೀಹ್ ಮುಗಿಯುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತಿತ್ತು, ಮಲಗಬೇಕೋ ಸಹರಿಗೆ ಹಾಗೇ ಕೂರಬೇಕೋ ಗೊತ್ತಾಗುತ್ತಿರಲಿಲ್ಲ. ನಿನಗೆ ಫೆಬ್ರವರಿ. ಶುರುವಿನಲ್ಲಿ ಐದು, ಐದೂವರೆಗೆಲ್ಲ ಇಫ್ತಾರ್. 2030ರಲ್ಲಂತೂ ಜನವರಿಯಲ್ಲಿ ಒಂದು ರಂಜಾನ್, ಡಿಸೆಂಬರ್ ಕೊನೆಗೆ ಇನ್ನೊಂದು ಶುರು! ರೋಜಾ ಶುರುವಾಗುವ ಫಜರ್ ಹೊತ್ತಿನ ಲೆಕ್ಕ ಮಸೀದಿಯಿಂದ ಮಸೀದಿಗೆ ಬೇರೆ ಇರುತ್ತದೆ. ಒಂದು ಟೈಮ್‌ಟೇಬಲ್ ಹಿಡಿ, ತಿಂಗಳಿಡೀ ಅದನ್ನೇ ನೋಡು.

ಸಹರಿಗೆ ಬಿಸಿ ರೊಟ್ಟಿಯ ಆಸೆ ಬಿಟ್ಟುಬಿಡು. ನಸುಕಿನಲ್ಲಿ ಪಟಪಟ ರೊಟ್ಟಿ ಬಡಿದರೆ ಮನೆಯವರೆಲ್ಲ ಏಳುತ್ತಾರೆ, ಹೊಗೆಗೆ ಅಲಾರಂ ಬೇರೆ ಬಡಿದುಕೊಳ್ಳುತ್ತದೆ. ಊರಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ತರಿಸಿಕೋ. ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಹಾಕು, ಮೆತ್ತಗಾದ ಮೇಲೆ ಹಿಂಡಿ ಉದುರಿಸು. ಒಲೆ ಹಚ್ಚುವ ಕೆಲಸವೇ ಇಲ್ಲ, ಮಧ್ಯಾಹ್ನ ದಾಟುವವರೆಗೂ ಹೊಟ್ಟೆ ತಡೆಯುತ್ತದೆ.

ಕೆಲಸದ ಕಡೆ ಹೇಳಿಬಿಡು. "ನೀರೂ ಕುಡಿಯಲ್ವಾ?" ಅಂತ ಕೇಳುತ್ತಾರೆ. ಮುಂದಿನ ವರ್ಷವೂ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಕಾಕು ಶ್ರಾವಣ ಸೋಮವಾರ ಒಪ್ಪತ್ತು ಇರುವವರು, ಅವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿರಲಿಲ್ಲ. ಇಲ್ಲಿ ಹೇಳಬೇಕು, ಅಷ್ಟೇ. ಇನ್ನು ಮುಟ್ಟಿನ ದಿನಗಳು. ಆಗ ರೋಜಾ ಇಲ್ಲ, ಬಿಟ್ಟುಹೋದ ರೋಜಾಗಳನ್ನು ಆಮೇಲೆ ಕಜಾ ಅಂತ ಇಡುತ್ತೇವೆ. ಊರಲ್ಲಿ ಅಪ್ಪ, ಅಣ್ಣಂದಿರಿಗೆ ಕಾಣದ ಹಾಗೆ ಅಡುಗೆಮನೆ ಮೂಲೆಯಲ್ಲಿ ತಿನ್ನುತ್ತಿದ್ದೆವಲ್ಲ, ಆ ನಾಟಕ ಇಲ್ಲಿ ಬೇಡ. ಯಾಕೆ ತಿನ್ನುತ್ತಿದ್ದೀಯ ಅಂದರೆ "ಇವತ್ತು ರಜೆ" ಅನ್ನು.

ಅಮ್ಮಿ ತರಾವೀಹ್ ಮನೆಯಲ್ಲೇ ಓದುತ್ತಿದ್ದರು. ಇಲ್ಲಿ ಬಹಳ ಮಸೀದಿಗಳಲ್ಲಿ ಹೆಂಗಸರಿಗೂ ಜಾಗ ಇದೆ. ಎಲ್ಲ ಕಡೆ ಇಲ್ಲ, ಮೊದಲೇ ವಿಚಾರಿಸಿಕೋ. ನನ್ನ ಸಾಲಿನಲ್ಲಿ ಒಂದು ಕಡೆ ಸೋಮಾಲಿಯಾದ ಅಜ್ಜಿ, ಇನ್ನೊಂದು ಕಡೆ ಯೆಮನ್ ಹುಡುಗಿ. ಅಜ್ಜಿಯ ಮಾತು ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ. ಕಾಲು ನೋಯುತ್ತದೆ ಅಂತ ನಾನು ಕೂತುಬಿಟ್ಟರೆ ಮಾತ್ರ ಮೊಣಕೈಯಿಂದ ತಿವಿದು ಎಬ್ಬಿಸುತ್ತಾರೆ.

ಈದ್‌ಗೆ ಸರ್ಕಾರಿ ರಜೆ ಇಲ್ಲ. ಒಂದು ಮಸೀದಿ ಸೌದಿಯ ಚಾಂದ್ ನೋಡಿ ಈದ್ ಮಾಡಿದರೆ ಇನ್ನೊಂದು ಮಾರನೇ ದಿನ ಮಾಡುವುದುಂಟು. ಎರಡೂ ದಿನಕ್ಕೆ ಈಗಲೇ ರಜೆ ಕೇಳಿಡು. ಬಡವರಿಗೆ ಕೊಡುವ ಫಿತ್ರಾ ದಾನ ಈದ್ ನಮಾಜಿಗೆ ಮೊದಲೇ ಅವರ ಕೈ ಸೇರಬೇಕು, ಊರಿಗೆ ಕಳಿಸುವುದಾದರೆ ಕೊನೆಯ ದಿನದವರೆಗೆ ಕಾಯಬೇಡ.

ಮೊದಲ ಶನಿವಾರ ನಮ್ಮ ಮನೆಗೆ ಬಾ. ಖಜೂರ, ಮಿರ್ಚಿ ಭಜಿ, ಚಹಾ, ಅಷ್ಟೇ ಇರುತ್ತದೆ. ಬರಿಗೈಯಲ್ಲಿ ಬಂದರೂ ಪರವಾಗಿಲ್ಲ, ಆದರೆ ಹಿಂಡಿ ಜಾಸ್ತಿ ಬಂದಿದ್ದರೆ ಒಂದು ಡಬ್ಬಿ ತಾ.