ಸಂಪಾದಕರ ಉತ್ತರ: 5 ನಿಮಿಷಕ್ಕೆ 12 ನಮಸ್ಕಾರ ಬೇಡ

ಮಂಡ್ಯದ ಓದುಗರೊಬ್ಬರ ಪತ್ರ: "ನನಗೆ 51. ಬಿಪಿ ಮಾತ್ರೆ ತಗೊಳ್ತೀನಿ. ಮೊಬೈಲ್ ನೋಡಿಕೊಂಡು ಜಮಖಾನದ ಮೇಲೆ ಐದೇ ನಿಮಿಷದಲ್ಲಿ 12 ಸೂರ್ಯನಮಸ್ಕಾರ ಮುಗಿಸ್ತೀನಿ. ತಿಂಗಳಾಗೋದ್ರೊಳಗೆ ಮಣಿಕಟ್ಟು, ಸೊಂಟ ಎರಡೂ ನೋವು. ಸಿಟ್ಟೂ ಇಳಿದಿಲ್ಲ. ಶವಾಸನದಲ್ಲಿ ಮಲಗಿದರೆ ಕಾರಣವಿಲ್ಲದೆ ಅಳು ಬರುತ್ತೆ. ಯೋಗದಿಂದ ದೇಹ, ಮನಸ್ಸು, ಆತ್ಮ ಮೂರಕ್ಕೂ ಒಳ್ಳೇದು ಅಂತಾರೆ. ನನಗೆ ಒಂದಕ್ಕೂ ಆಗಲಿಲ್ಲ. ಬಿಟ್ಟುಬಿಡಲಾ?"

ಬಿಡಬೇಡಿ, ಅಮ್ಮ. ಬಿಡಬೇಕಾದದ್ದು ಆ ವೇಗವನ್ನು.

ಲೆಕ್ಕ ಹಾಕಿ ನೋಡಿ. ಐದು ನಿಮಿಷಕ್ಕೆ 12 ಅಂದರೆ ಒಂದು ನಮಸ್ಕಾರಕ್ಕೆ 25 ಸೆಕೆಂಡು. ಹನ್ನೆರಡು ಸ್ಥಿತಿಗಳ ಕ್ರಮದಲ್ಲಿ ಉಸಿರು ಐದು ಸಲ ಒಳಗೆ ಬರುತ್ತದೆ, ಆರು ಸಲ ಹೊರಗೆ ಹೋಗುತ್ತದೆ. ಸೆಕೆಂಡಿಗೆ ಒಂದರಂತೆ ಒಳಗೆಳೆಯಲು ನಾಲ್ಕು ಎಣಿಕೆ, ಬಿಡಲು ಆರು ಎಣಿಕೆ ಇಟ್ಟುಕೊಂಡರೆ 56 ಸೆಕೆಂಡು ಬೇಕೇ ಬೇಕು. ಆರನೆಯದಾದ ಸಾಷ್ಟಾಂಗ ಸ್ಥಿತಿಯಲ್ಲಿ ಉಸಿರು ಹೊರಗೇ ತಡೆಯಿರಿ ಎಂದು ಹೇಳಿಕೊಡುತ್ತಾರೆ. ಬಿಪಿ ಇರುವ ನೀವು ತಡೆಯಬೇಡಿ, ಅಲ್ಲೊಂದು ಉಸಿರು ಹೆಚ್ಚಿಗೆ ಆಡಿಸಿ. ಆಗ ಒಂದು ಸುತ್ತು ನಿಮಿಷ ದಾಟುತ್ತದೆ. ಹಾಗೆ ಮೂರು ಸುತ್ತು ಮಾಡಿದರೆ ಈಗ ಸಾಕು.

ಮೈಸೂರಿನ ಯೋಗವೆಂದರೆ ಬೆವರಿಳಿಸುವ ಓಟ ಎಂಬ ಭಾವನೆ ಬೆಳೆದಿದೆ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದ ವಿನ್ಯಾಸ ಕ್ರಮದಲ್ಲಿ ಪ್ರತಿ ಚಲನೆಗೂ ಒಂದು ಉಸಿರು ಜೋಡಿಯಾಗಿರುತ್ತದೆ. ಉಸಿರು ಮುಂದೆ, ಮೈ ಅದರ ಹಿಂದೆ. ಉಸಿರು ತಪ್ಪಿದರೆ ಉಳಿಯುವುದು ಬರೀ ಬಸ್ಕಿ.

ಈಗ ಮಣಿಕಟ್ಟು. ಟೈಲ್ಸ್ ಮೇಲೆ ಜಮಖಾನ ಜಾರುತ್ತದೆ. ಜಾರದಂತೆ ತಡೆಯಲು ನಿಮಗೇ ಗೊತ್ತಿಲ್ಲದೆ ಅಂಗೈ ಬುಡದ ಮೇಲೆ ಭಾರ ಹಾಕುತ್ತೀರಿ. ರಬ್ಬರ್ ಮ್ಯಾಟ್ ತನ್ನಿ. ಬೆರಳುಗಳನ್ನು ಅಗಲಿಸಿ, ತೋರುಬೆರಳು ಮತ್ತು ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಆಗ ಭಾರ ಕಿರುಬೆರಳಿನ ಕಡೆಗೆ ವಾಲುವುದಿಲ್ಲ. ಆಮೇಲೂ ನೋವಿದ್ದರೆ ಟವೆಲ್ ಮಡಚಿ ಅಂಗೈ ಬುಡದ ಕೆಳಗಿಡಿ, ಮಣಿಕಟ್ಟು ಬಾಗುವ ಕೋನ ಕಡಿಮೆಯಾಗುತ್ತದೆ.

ಸೊಂಟ ನೋಯಲು ಎರಡು ಕಡೆ ಕಾರಣವಿರುತ್ತದೆ. ಒಂದು, ಮುಂದೆ ಬಾಗುವಾಗ ಮಂಡಿ ನೆಟ್ಟಗಿಟ್ಟು ನೆಲ ಮುಟ್ಟಲೇಬೇಕೆಂಬ ಹಟ. ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಬಾಗುವ ಕೆಲಸವೆಲ್ಲ ಬೆನ್ನಿನ ಕೆಳತುದಿಯ ಮೇಲೆ ಬೀಳುತ್ತದೆ. ಹೊಟ್ಟೆ ತೊಡೆಗೆ ತಾಗುವಷ್ಟು ಮಂಡಿ ಮಡಿಸಿ, ನಾಚಿಕೆ ಬೇಡ. ಎರಡನೆಯದು ಭುಜಂಗಾಸನ. ಕೈ ನೆಟ್ಟಗೆ ಮಾಡಿ ಮೈಯನ್ನು ಮೇಲಕ್ಕೆ ತಳ್ಳಿದರೆ ಸೊಂಟ ಒಂದೇ ಜಾಗದಲ್ಲಿ ಮುರಿದಂತೆ ಬಾಗುತ್ತದೆ. ಮೊಣಕೈ ಮಡಿಸಿ ಪಕ್ಕೆಗೆ ತಾಗಿಸಿ, ಕಿಬ್ಬೊಟ್ಟೆ ನೆಲದಲ್ಲೇ ಇರಲಿ, ಅಂಗೈಯನ್ನು ಕ್ಷಣ ಎತ್ತಿ ನೋಡಿ. ಬೆನ್ನಿನ ಬಲದಿಂದ ಎದೆ ಎಷ್ಟು ಮೇಲೆ ನಿಂತಿತೋ ಇವತ್ತಿಗೆ ನಿಮ್ಮ ಎತ್ತರ ಅಷ್ಟೇ. ನೋವು ಕಾಲಿಗೆ ಇಳಿದರೆ ಅಥವಾ ಜೋಮು ಹಿಡಿದರೆ ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಬಿಪಿ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ಬಿಡಬೇಡಿ. ಶೀರ್ಷಾಸನ ಬೇಡ, ಉಸಿರನ್ನು ರಭಸದಿಂದ ಆಡಿಸುವ ಭಸ್ತ್ರಿಕಾ, ಕಪಾಲಭಾತಿಯೂ ಬೇಡ. ಬಾಗಿದ ಸ್ಥಿತಿಯಿಂದ ನಿಧಾನ ಏಳಿ, ಕೆಲವು ಮಾತ್ರೆಗಳಿಂದ ತಲೆ ತಿರುಗುವುದುಂಟು. ಸಂಜೆ ಮಾಡುವುದಾದರೆ ಮಧ್ಯಾಹ್ನದ ಮುದ್ದೆ ಊಟವಾಗಿ ಮೂರ್ನಾಲ್ಕು ಗಂಟೆ ಕಳೆದಿರಲಿ.

ಅಳುವಿನ ವಿಷಯ ನೀವು ಸಂಕೋಚದಿಂದ ಬರೆದಂತಿದೆ. ಅದರಲ್ಲಿ ತಪ್ಪೇನೂ ಇಲ್ಲ. ದಿನವಿಡೀ ಕೆಲಸದಲ್ಲಿ ಅದುಮಿಟ್ಟದ್ದು, ಮೈ ಸಡಿಲವಾಗಿ ಗಮನ ಹಂಚಿಹೋಗದ ಹೊತ್ತಿನಲ್ಲಿ ಮೇಲೆ ಬರಬಹುದು. ಮಂಡಿ ಕೆಳಗೆ ದಿಂಬಿಡಿ, ಹೊಟ್ಟೆಯ ಮೇಲೆ ಕೈಯಿಡಿ, ಬಿಡುವ ಉಸಿರನ್ನಷ್ಟೇ ಉದ್ದ ಮಾಡಿ. ತಡೆಯಲಾಗದಿದ್ದರೆ ಕಣ್ಣು ತೆರೆದು ಬಲಕ್ಕೆ ಹೊರಳಿ. ಆದರೆ ಎರಡು ವಾರ ಕಳೆದರೂ ಮಂಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಹಾಗೇ ಇದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆ ಭಾರವನ್ನು ಆಸನವೊಂದರ ಮೇಲೇ ಹೊರಿಸಬಾರದು.

ಯೋಗಸೂತ್ರ ಬರೆದ ಪತಂಜಲಿಗಳು ಆಸನಕ್ಕೆ ಕೊಟ್ಟದ್ದು ಮೂರೇ ಸೂತ್ರ. ಚಿತ್ತ ಚದುರಿದಾಗ ಜೊತೆಗೆ ಬರುವವು ಯಾವುವೆಂದು ಹೇಳುವಾಗ ದುಃಖ, ಬೇಸರ, ಮೈನಡುಕ, ಏರುಪೇರಾದ ಉಸಿರು ಇವನ್ನು ಒಂದೇ ಸೂತ್ರದಲ್ಲಿ ಸೇರಿಸಿದ್ದಾರೆ. ನೀವು ಕೇಳಿದ ದೇಹ, ಮನಸ್ಸುಗಳು ಅಲ್ಲಿ ಒಟ್ಟಿಗೇ ಇವೆ. ಎರಡಕ್ಕೂ ನಮ್ಮ ಕೈಗೆ ಸಿಗುವ ದಾರ ಉಸಿರೇ. ಇನ್ನು ಆತ್ಮದ ಮಾತು. ಸುಖಿಗಳಲ್ಲಿ ಸ್ನೇಹ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರಲ್ಲಿ ಸಂತೋಷ, ಕೆಟ್ಟದ್ದು ಮಾಡುವವರಲ್ಲಿ ಉಪೇಕ್ಷೆ ಬೆಳೆಸಿಕೊಂಡರೆ ಚಿತ್ತ ತಿಳಿಯಾಗುತ್ತದೆ ಎನ್ನುತ್ತಾರೆ ಅವರು. ಇದಕ್ಕೆ ಮ್ಯಾಟ್ ಬೇಡ. ಪಕ್ಕದ ಮನೆಯವರ ಮಗನಿಗೆ ಕೆಲಸ ಸಿಕ್ಕಾಗ ಮನಸ್ಸು ಮೊದಲು ಏನನ್ನುತ್ತದೆ ಎಂದು ಗಮನಿಸಿ. ಹೋಲಿಕೆ ಎದ್ದಿತೋ? ಎರಡು ಉಸಿರು ಬಿಟ್ಟು, ಆಮೇಲೆ ಹೋಗಿ ಮಾತಾಡಿಸಿ. ನಮ್ಮ ದೃಷ್ಟಿಯಲ್ಲಿ ಇದು ನಮಸ್ಕಾರಕ್ಕಿಂತ ಕಠಿಣ ಸಾಧನೆ.

ಒಂದು ತಿಂಗಳು ಮೂರೇ ಸುತ್ತು, ಮೇಲೆ ಹತ್ತು ನಿಮಿಷ ಶವಾಸನ. ನೋವಿಲ್ಲದಿದ್ದರೆ ಮಾತ್ರ ವಾರಕ್ಕೊಂದು ಸುತ್ತು ಏರಿಸಿ. ಉಸಿರಿನ ಎಣಿಕೆ ತಪ್ಪಿದ ದಿನ ಸುತ್ತು ಇಳಿಸಿ. ಸಾಧ್ಯವಾದರೆ ಮೊಬೈಲ್ ಬದಿಗಿಟ್ಟು ಒಬ್ಬ ಗುರುಗಳನ್ನು ಹುಡುಕಿ. ಸೇರಿಸಿಕೊಳ್ಳುವ ಮೊದಲೇ ನಿಮ್ಮ ಮಾತ್ರೆ, ನೋವುಗಳ ಬಗ್ಗೆ ಕೇಳುವವರು ಸಿಕ್ಕರೆ ಅಲ್ಲೇ ಸೇರಿ.