ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರ್ ತಗೊಂಡ್ರ ಮುಂದ ರಿಪೇರಿ ಖರ್ಚು ಭಾಳ ಬರ್ತೈತೇನ್ರಿ? (ಹುಬ್ಬಳ್ಳಿ)

ಮೊದ್ಲ ಅದು ಯಾವ ಹೈಬ್ರಿಡ್ ಅಂತ ನೋಡ್ರಿ. ಹಳೇ ಸಿಯಾಜ್, ಎರ್ಟಿಗಾದ ಸ್ಮಾರ್ಟ್ ಹೈಬ್ರಿಡ್ ಹೆಸರಿಗಷ್ಟ, ಬ್ಯಾಟರಿ ಸಣ್ಣದು. ಹೈರೈಡರ್, ಗ್ರ್ಯಾಂಡ್ ವಿಟಾರಾದಾಗ ಇಂಥಾ ಸಣ್ಣದೂ ಐತಿ, ಸ್ಟ್ರಾಂಗ್ ಹೈಬ್ರಿಡ್ಡೂ (ದೊಡ್ಡ ಬ್ಯಾಟರಿ, ಸ್ವಲ್ಪ ದೂರ ಬರೇ ಕರೆಂಟ್ ಮೋಟರ್ ಮ್ಯಾಲ ಓಡೋದು) ಐತಿ, ಮಾರಾವ್ರು ಬರೇ ಹೈಬ್ರಿಡ್ ಅಂತಾರ, ನೀವು ಸ್ಟ್ರಾಂಗೋ ಅಲ್ಲೋ ಅಂತ ಆರ್‌ಸಿ ತಗದ ನೋಡ್ರಿ.

ಟೊಯೋಟಾ ಸ್ಟ್ರಾಂಗ್ ಹೈಬ್ರಿಡ್‌ನ್ಯಾಗ ಕ್ಲಚ್ ಇಲ್ಲ, ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಬ್ರೇಕ್ ಕೆಲಸ ಅರ್ಧ ಮೋಟರೇ ಮಾಡ್ತೈತಿ ಅಂತ ಪ್ಯಾಡ್ ಸುದ್ದಾ ಭಾಳ ದಿನ ಬರ್ತಾವ, ಹಿಂಗಾಗಿ ದಿನದ ಖರ್ಚು ಕಡಿಮೀನ. ಅಂಜಿಕಿ ಇರೋದು ದೊಡ್ಡ ಬ್ಯಾಟರಿದು. ಅದಕ್ಕ ಕಂಪನಿ ವಾರಂಟಿ 8 ವರ್ಷ ಇಲ್ಲಾ 1,60,000 ಕಿ.ಮೀ., ಯಾವುದು ಮೊದ್ಲೋ ಅದು. ಅದರಾಗ ಎಷ್ಟು ಉಳದೈತಿ ಅನ್ನೋದರ ಮ್ಯಾಲ ರೇಟ್ ಮಾತಾಡ್ರಿ.

ನಮ್ ಕಡೆ ಖರೇ ವೈರಿ ಧೂಳ. ಬ್ಯಾಟರಿ ತಂಪ ಇಡಾಕ ಫ್ಯಾನ್ ಕಾರಿನ ಒಳಗಿನ ಗಾಳಿ ಎಳೀತೈತಿ, ಭಾಳ ಮಾಡೆಲ್‌ನ್ಯಾಗ ಹಿಂದಿನ ಸೀಟಿನ ಹತ್ರ ಸಣ್ಣ ಜಾಳಿಗಿ ಇರ್ತೈತಿ. ನವಲಗುಂದ ಕಡೆ ಎರಿ ಹೊಲದ ದಾರ್ಯಾಗ ಓಡಿದ ಗಾಡಿ ಆದ್ರ ಅದು ಗಚ್ಚ ಮುಚ್ಚಿರ್ತೈತಿ, ಬ್ಯಾಟರಿ ಕಾದು ಕಾದು ಲಗೂನ ಸೋಲ್ತೈತಿ. ಕ್ಲೀನ್ ಮಾಡೋ ಖರ್ಚು ಏನೂ ಅಲ್ಲ, ಯಾರೂ ಮಾಡಂಗಿಲ್ಲ ಅಷ್ಟ.

ತಿಂಗಳಗಟ್ಲೆ ನಿಂತ ಗಾಡಿ ಚಾಲೂ ಆಗ್ಲಿಲ್ಲಂದ್ರ ಗಾಬರಿ ಆಗಬ್ಯಾಡ್ರಿ, ಹೆಚ್ಚಾಗಿ 12 ವೋಲ್ಟ್ ಸಣ್ಣ ಬ್ಯಾಟರಿ ಇಳದಿರ್ತೈತಿ. ನೀರಾಗ ಮುಳಗಿದ್ದ ಗಾಡಿ ಮಾತ್ರ ಎಷ್ಟ ಸೋವಿ ಸಿಕ್ರೂ ಬ್ಯಾಡ. ಕೊಳ್ಳೋಕಿಂತ ಮೊದ್ಲ ಶೋರೂಮ್ನ್ಯಾಗ ಸ್ಕ್ಯಾನ್ ಮಾಡ್ಸಿ ಬ್ಯಾಟರಿ ರಿಪೋರ್ಟ್ ಕೈಯಾಗ ಇಸ್ಕೊಳ್ರಿ, ಮಾರಾವ ಒಲ್ಲೆ ಅಂದ್ರ ಬ್ಯಾರೆ ಗಾಡಿ ನೋಡ್ರಿ.