ಹಿಟ್ಟು ಬಿಸಿಯಾದದ್ದನ್ನು ನಾನು ಬರೆಯಲಿಲ್ಲ

ಕುಕ್ಕರ್ ಗ್ಯಾಸ್ಕೆಟ್, ದೋಸೆ ಕಾವಲಿ, ಮಿಕ್ಸಿ ಜಾರ್ ಸೋರುವುದು, ಈ ತಿಂಗಳೂ ಪ್ರಶ್ನೆಗಳಿಗೆ ಬರವಿಲ್ಲ. ಅವನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಶಿರಸಿಯಿಂದ ಬಂದ ಒಂದು ಪತ್ರ ಓದಿದ ಮೇಲೆ ಬೇರೆ ಏನೂ ಬರೆಯಲು ಮನಸ್ಸು ಬರಲಿಲ್ಲ. ಅದೇ ವಿಷಯದ ಇನ್ನೂ ನಾಲ್ಕು ಪತ್ರಗಳು ಕಟ್ಟಿನಲ್ಲಿದ್ದವು. ಅವನ್ನೂ ಜೊತೆಗೇ ಕೊಟ್ಟಿದ್ದೇನೆ.

ಏಳು ವರ್ಷದಿಂದ ಮಲೆನಾಡಿನ ಅಡುಗೆ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಇಂಥವು. ದಿನಕ್ಕೆ ಮುನ್ನೂರು ನಾನೂರು ಜನ ಓದುತ್ತಾರೆ. ಈಗ ಒಂದು ಏಜೆನ್ಸಿಯಿಂದ ಮೇಲ್ ಬಂದಿದೆ. ಒಂದು ಮಿಕ್ಸಿಯ ಬಗ್ಗೆ 800 ಪದಗಳ ರಿವ್ಯೂ ಬರೆದರೆ 6,000 ರೂಪಾಯಿ. ಮಿಕ್ಸಿ ಕಳಿಸುವುದಿಲ್ಲ, ಫೋಟೊ ಮತ್ತು ವಿವರ ಕಳಿಸುತ್ತಾರಂತೆ. ಎರಡು ಡೂ-ಫಾಲೋ ಲಿಂಕ್ ಇರಬೇಕು, ‘ಸ್ಪಾನ್ಸರ್ಡ್’ ಅಂತ ಹಾಕಬಾರದು. ನಮ್ಮನೆಯವರು ‘ಬರೋ ದುಡ್ಡು ಯಾಕೆ ಬಿಡ್ತೀಯ’ ಅಂತಾರೆ. ಏನು ಮಾಡಲಿ?
*ಹೆಸರು ಬೇಡ, ಶಿರಸಿ*

ನಿಮ್ಮ ಮನೆಯವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಏಳು ವರ್ಷ ಬಿಟ್ಟಿ ಬರೆದಿದ್ದೀರಿ. ಕರೆಂಟು, ಡೇಟಾ, ಕೆಟ್ಟುಹೋದ ಪಾಕ, ಎಲ್ಲ ನಿಮ್ಮದೇ ಖರ್ಚು. ಬರೆದದ್ದಕ್ಕೆ ದುಡ್ಡು ತಗೊಳ್ಳಬೇಡಿ ಅಂತ ನಾನಂತೂ ಹೇಳಲಾರೆ. ಈ ಅಂಕಣಕ್ಕೆ ನನಗೂ ಸಂಭಾವನೆ ಬರುತ್ತದೆ.

ಆದರೆ ಆ ಮೇಲ್‌ನ ಷರತ್ತುಗಳನ್ನು ಒಟ್ಟಿಗೆ ಇಟ್ಟು ಇನ್ನೊಮ್ಮೆ ಓದಿ. ಮಿಕ್ಸಿ ಕಳಿಸಲ್ಲ. ಲಿಂಕ್ ಬೇಕು. ದುಡ್ಡಿನ ವಿಷಯ ಬಾಯಿ ಬಿಡಬಾರದು. ಕಾಣದ ಮಿಕ್ಸಿಯಲ್ಲಿ ಚಟ್ನಿ ಹೇಗೆ ನುಣ್ಣಗಾಯಿತು ಅಂತ ನೀವು ಬರೆಯಬೇಕು!

ಲಿಂಕ್ ಯಾಕೆ ಅಷ್ಟು ಮುಖ್ಯ ಅಂದರೆ, ಒಂದು ತಾಣಕ್ಕೆ ಬೇರೆ ತಾಣಗಳಿಂದ ಬರುವ ಲಿಂಕುಗಳನ್ನು ಗೂಗಲ್ ಒಂದು ಥರ ಶಿಫಾರಸು ಅಂತ ಎಣಿಸುತ್ತದೆ. ನಿಮ್ಮ ತಂಬುಳಿ ಬ್ಲಾಗಿನಿಂದ ಒಂದು ಲಿಂಕ್ ಹೋದರೆ ಹುಡುಕುವಾಗ ಆ ಕಂಪನಿ ಒಂದು ಮೆಟ್ಟಿಲು ಮೇಲೆ ಬರಬಹುದು. ಇದು ಗೂಗಲ್‌ಗೂ ಗೊತ್ತು. ಒಂದು ಲಿಂಕನ್ನು ಎಣಿಸಬೇಡ ಅಂತ ಹೇಳುವ ‘ನೋ-ಫಾಲೋ’ ಗುರುತು 2005ರಲ್ಲೇ ಬಂತು; ಆ ಗುರುತಿಲ್ಲದ್ದೇ ಡೂ-ಫಾಲೋ ಲಿಂಕ್. ಕಾಸು ಪಡೆದ ಲಿಂಕಿಗೆಂದೇ ‘ಸ್ಪಾನ್ಸರ್ಡ್’ ಅನ್ನುವ ಗುರುತು 2019ರಲ್ಲಿ ಬಂತು. ಗುರುತು ಹಾಕದೆ ಲಿಂಕ್ ಮಾರಿದವರ ಬ್ಲಾಗನ್ನು ಗೂಗಲ್ ಕೆಳಕ್ಕೆ ತಳ್ಳಬಹುದು. ಆಗ ಏಜೆನ್ಸಿಗೆ ಏನೂ ನಷ್ಟವಿಲ್ಲ, ಅಪ್ಪೆಹುಳಿ ಹುಡುಕಿದರೆ ನೀವು ಸಿಗುವುದಿಲ್ಲ, ಅಷ್ಟೇ.

ಈಗ ನನ್ನ ಕಥೆ. ಇದನ್ನು ಈ ಅಂಕಣದಲ್ಲಿ ಇಷ್ಟು ದಿನ ಹೇಳಿರಲಿಲ್ಲ.

2014ರಲ್ಲಿ ನಾನೂ ಬ್ಲಾಗ್ ಬರೆಯುತ್ತಿದ್ದೆ, ಅಡುಗೆಮನೆ ಸಾಮಾನುಗಳ ಬಗ್ಗೆ. ಒಂದು ಕಂಪನಿಯವರು ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಕಳಿಸಿದರು. ಜೊತೆಗೆ 3,000 ರೂಪಾಯಿ. ನಾನು ಸುಮ್ನೆ ಕೂರಲಿಲ್ಲ, ನಿಜವಾಗಿ ರುಬ್ಬಿ ನೋಡಿದೆ. ಮೊದಲ ದಿನ ಒಂದು ಪಾವು ಉದ್ದಿನಬೇಳೆ. ಬೆಣ್ಣೆಯಂಥ ಹಿಟ್ಟು. ಎರಡನೇ ಸಲ, ಮನೆಗೆ ನೆಂಟರು ಬಂದಿದ್ದರು ಅಂತ ಮೂರು ಪಾವು ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಬೆಲ್ಟಿನ ಕಡೆಯಿಂದ ಸುಟ್ಟ ರಬ್ಬರಿನ ವಾಸನೆ. ಬೆರಳಿಟ್ಟು ನೋಡಿದರೆ ಹಿಟ್ಟು ಉಗುರುಬೆಚ್ಚಗಿತ್ತು. ಬೆಚ್ಚಗಾದ ಹಿಟ್ಟು ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೈಸೂರಿನ ಏಪ್ರಿಲ್ ಸೆಕೆ ಬೇರೆ. ಬೆಳಿಗ್ಗೆ ಇಡ್ಲಿ ಹುಳಿ ಹುಳಿ.

ಇದನ್ನು ಬರೆದು ಕಂಪನಿಯವರಿಗೆ ಒಮ್ಮೆ ತೋರಿಸಿದೆ. ಆ ತೋರಿಸಿದ್ದೇ ತಪ್ಪು. ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಫೋನ್ ಮಾಡಿದ. “ಮೇಡಂ, ಬರಹ ತುಂಬಾ ಚೆನ್ನಾಗಿದೆ. ಆ ಬಿಸಿ ಆಗೋ ಸಾಲು ಒಂದು ತೆಗೆದರೆ ಒಳ್ಳೇದು, ಅದು ಡೆಮೊ ಪೀಸ್ ಅಲ್ವಾ” ಅಂದ. ನಾನು ತೆಗೆದೆ. ಆವತ್ತು ನನಗೆ ನಾನೇ ಹೇಳಿಕೊಂಡದ್ದು ಇಷ್ಟು: ಬರೆದ ಒಂದು ಸಾಲೂ ಸುಳ್ಳಲ್ಲ. ನಿಜ ಕೂಡ. ಒಂದು ಪಾವಿಗೆ ಹಿಟ್ಟು ಬೆಣ್ಣೆಯಂತೆಯೇ ಬಂದಿತ್ತು.

ನಮ್ಮ ಎದುರುಮನೆಯವರು ಅದನ್ನು ಓದಿ ಅದೇ ಗ್ರೈಂಡರ್ ತಂದರು. ಮಗಳ ಬಾಣಂತನಕ್ಕೆ ಮನೆ ತುಂಬಾ ಜನ. ಮೂರು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಸ್ಟೀಲ್ ಬಟ್ಟಲಿನಲ್ಲಿ ಹಿಟ್ಟು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು. “ಮುಟ್ಟಿ ನೋಡಿ” ಅಂದರು. ಮುಟ್ಟಿದೆ. ಅದೇ ಬೆಚ್ಚಗೆ. ಬೈಯುತ್ತಾರೆ ಅಂದುಕೊಂಡೆ. “ನಿಮಗೆ ಕಳಿಸಿದ್ದು ಒಳ್ಳೇ ಪೀಸ್ ಇರಬೇಕು ಅಲ್ವಾ? ನಮಗೇ ಡಿಫೆಕ್ಟ್ ಬಂದಿದೆ” ಅಂದರು. ನಾನು “ಹೌದು, ಇರಬಹುದು” ಅಂದೆ.

ಆ ರಾತ್ರಿಯೇ ತೆಗೆದ ಸಾಲನ್ನು ವಾಪಸ್ ಸೇರಿಸಿದೆ, ದುಡ್ಡು ಪಡೆದದ್ದನ್ನೂ ಮೇಲೆ ಬರೆದೆ. ಎದುರುಮನೆಗೆ ಹೋಗಿ ಹೇಳಲು ಮಾತ್ರ ಎರಡು ತಿಂಗಳು ಬೇಕಾಯಿತು. ಅವರು ಜಗಳವಾಡಲಿಲ್ಲ. ಆದರೆ ಅಲ್ಲಿಯವರೆಗೆ ಕುಕ್ಕರ್ ತರುವುದಿದ್ದರೂ ನನ್ನನ್ನು ಕೇಳುತ್ತಿದ್ದವರು ಆಮೇಲೆ ಫ್ರಿಜ್ ತಂದಾಗಲೂ ಕೇಳಲಿಲ್ಲ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು. ಅದರಡಿ ದಾರಿತಪ್ಪಿಸುವ ಜಾಹೀರಾತಿಗೆ ಕಂಪನಿಗೆ ಮಾತ್ರವಲ್ಲ, ಅದನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಇನ್ನೂ ಬಿಡಿಸಿ ಹೇಳುತ್ತದೆ: ಹೊಗಳುವವರ ಮಾತು ಅವರ ನಿಜವಾದ ಅಭಿಪ್ರಾಯ ಆಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಬಳಸಿದ ಅನುಭವ ಇರಬೇಕು, ಕಂಪನಿ ಜೊತೆ ಕೊಡು-ಕೊಳ್ಳುವ ಸಂಬಂಧ ಇದ್ದರೆ ಅದನ್ನು ಹೇಳಬೇಕು. ನಿಮ್ಮ ಮೇಲ್‌ನ ಷರತ್ತುಗಳು ಇದಕ್ಕೆ ಪೂರ್ತಿ ಉಲ್ಟಾ. ದಂಡ ನಿಮ್ಮ ಮನೆ ಬಾಗಿಲಿಗೆ ನಾಳೆಯೇ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಏಜೆನ್ಸಿಯವರು “ಎಲ್ರೂ ಹೀಗೇ ಮಾಡ್ತಾರೆ ಮೇಡಂ” ಅಂದಾಗ ನಿಮ್ಮ ಕೈಯಲ್ಲಿ ಒಂದು ಉತ್ತರ ಇರಲಿ.

ಅವರಿಗೆ ಹೀಗೆ ಬರೆಯಿರಿ: ಮಿಕ್ಸಿ ಕಳಿಸಿ, ಒಂದು ತಿಂಗಳು ಬಳಸುತ್ತೇನೆ. ಕಂಡದ್ದನ್ನು ಬರೆಯುತ್ತೇನೆ, ಮೊದಲೇ ತೋರಿಸುವುದಿಲ್ಲ. ಮೊದಲ ಸಾಲಿನಲ್ಲೇ ಇದು ಪ್ರಾಯೋಜಿತ ಬರಹ ಅಂತ ಇರುತ್ತದೆ. ಲಿಂಕಿಗೆ ಸ್ಪಾನ್ಸರ್ಡ್ ಗುರುತು ಇರುತ್ತದೆ. ದರ 6,000 ಅಲ್ಲ, 10,000. ನನ್ನ ಅನುಭವದಲ್ಲಿ ಇಂಥ ಪತ್ರಕ್ಕೆ ಹೆಚ್ಚಿನ ಸಲ ಉತ್ತರವೇ ಬರುವುದಿಲ್ಲ. ಬಂದರೆ ಅವರ ಜೊತೆ ಕೆಲಸ ಮಾಡಬಹುದು.

ದುಡ್ಡು ತಗೊಂಡು ಬರೆದ ರಿವ್ಯೂ ಅಂತ ಓದುವವರಿಗೆ ಗೊತ್ತಾಗುವುದು ಹೇಗೆ?
*ಹುಬ್ಬಳ್ಳಿಯ ಓದುಗರು*

ಮೊದಲು ಫೋಟೊ ನೋಡಿ. ಬಿಳಿ ಹಿನ್ನೆಲೆ, ಮೇಲೆ ಒಂದು ಹನಿ ಹಿಟ್ಟಿಲ್ಲ, ವೈರು ಚೆಂದಕ್ಕೆ ಸುತ್ತಿಟ್ಟಿದೆ ಅಂದರೆ ಆ ಸಾಮಾನು ಬರೆದವರ ಅಡುಗೆಮನೆ ಕಂಡಿಲ್ಲ. ಬಳಸಿದ ಗ್ರೈಂಡರಿನ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆಯಾದರೂ ಬಿದ್ದಿರುತ್ತದೆ.

ಆಮೇಲೆ ತಪ್ಪು ಹುಡುಕಿ. ತಪ್ಪೇ ಇಲ್ಲದಿದ್ದರೆ ಅನುಮಾನ, ತಪ್ಪಿನ ವೇಷದ ಹೊಗಳಿಕೆ ಇದ್ದರೆ ಇನ್ನೂ ಜಾಸ್ತಿ ಅನುಮಾನ. “ಇನ್ನೂ ಎರಡು ಬಣ್ಣದಲ್ಲಿ ಸಿಕ್ಕಿದ್ದರೆ ಚೆನ್ನಾಗಿತ್ತು” ಅನ್ನುವುದು ತಪ್ಪಲ್ಲ. “ಜಾರ್ ಮುಚ್ಚಳ ಕೈ ಬಿಟ್ಟರೆ ಹಾರುತ್ತದೆ” ಅನ್ನುವುದು ತಪ್ಪು. ಇನ್ನೊಂದು ಉಪಾಯ: ಸ್ವಲ್ಪ ಗಡಸಾಗಿ ಕಾಣುವ ಒಂದು ಸಾಲನ್ನು ಹಾಗೇ ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಏನು ಬರೆಯಬೇಕು ಅಂತ ಕಂಪನಿ ಕಳಿಸುವ ಟಿಪ್ಪಣಿ, ಅಂದರೆ ಬ್ರೀಫ್, ಒಂದೇ ಹತ್ತು ಜನಕ್ಕೆ ಹೋಗಿರುತ್ತದೆ. ಸೋಮಾರಿಗಳು ಅದನ್ನು ಹಾಗೇ ಇಳಿಸಿರುತ್ತಾರೆ. ಅದೇ ಸಾಲು ಬೇರೆ ಕಡೆಯೂ ಸಿಕ್ಕರೆ ಕಥೆ ಮುಗಿಯಿತು.

ಅಫಿಲಿಯೇಟ್ ಲಿಂಕ್ ಬೇರೆ ವಿಷಯ. ಆ ಲಿಂಕ್ ಒತ್ತಿ ನೀವು ಕೊಂಡರೆ ಬರೆದವರಿಗೆ ಕಮಿಷನ್. ಅದನ್ನು ಮೊದಲೇ ಹೇಳಿದ್ದರೆ ನನಗೆ ತಕರಾರಿಲ್ಲ. ಹಾಗೆಯೇ, ಹೊಗಳಿದವರೆಲ್ಲ ಕಾಸು ತಗೊಂಡವರು ಅಂತ ತಿಳಿಯಬೇಡಿ. ನಮ್ಮಮ್ಮನ ಒರಳುಕಲ್ಲನ್ನು ನಾನು ಬಿಟ್ಟಿಯಾಗಿಯೇ ಹೊಗಳುತ್ತೇನೆ.

ನಾನು ಮೊಬೈಲ್ ರಿವ್ಯೂ ಮಾಡುತ್ತೇನೆ. ಕಂಪನಿಯವರು ದುಡ್ಡು ಕೊಡಲ್ಲ, ಫೋನ್ ಮಾತ್ರ ಕೊಡುತ್ತಾರೆ. ಅದನ್ನೂ ಹೇಳಬೇಕಾ? ‘ಕೊಲಾಬ್’ (ಕೊಲಾಬರೇಷನ್, ಸಹಯೋಗ) ಅಂತ ಹಾಕಿದರೆ ಸಾಕಾ?
*ತುಮಕೂರಿನ ಓದುಗರು*

ಹೇಳಬೇಕು. ಫೋನ್ ದುಡ್ಡಲ್ಲದೆ ಇನ್ನೇನು? ಜಾಹೀರಾತು ಮಾನದಂಡಗಳ ಮಂಡಳಿ, ಅಂದರೆ ಆಸ್ಕಿ, 2021ರ ಜೂನ್ 14ರಿಂದ ಜಾರಿಗೆ ತಂದ ನಿಯಮದಲ್ಲಿ ಬಿಟ್ಟಿ ಉಡುಗೊರೆಯೂ ಸೇರಿದೆ. ಹ್ಯಾಶ್‌ಟ್ಯಾಗ್ ಗುಂಪಿನ ನಡುವೆ ಜಾಹೀರಾತಿನ ಗುರುತನ್ನು ಅಡಗಿಸುವಂತಿಲ್ಲ. 15 ಸೆಕೆಂಡಿಗಿಂತ ಚಿಕ್ಕ ವಿಡಿಯೊದಲ್ಲೂ ಕನಿಷ್ಠ 3 ಸೆಕೆಂಡ್ ಕಾಣಬೇಕು. ತೆರಿಗೆ ಇಲಾಖೆಗೂ ಬಿಟ್ಟಿ ಫೋನ್ ಉಡುಗೊರೆ ಅಲ್ಲ, ಲಾಭ. ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದನ್ನು ನೀವೇ ಇಟ್ಟುಕೊಂಡರೆ ಶೇ 10ರಷ್ಟು ಮೂಲದಲ್ಲೇ ತೆರಿಗೆ ಕಡಿತ ಅನ್ನುವ ನಿಯಮ 2022ರ ಜುಲೈ 1ರಿಂದ ಬಂತು. ಫೋನ್ ವಾಪಸ್ ಕೊಟ್ಟರೆ ಆ ತಾಪತ್ರಯ ಇಲ್ಲ.

‘ಕೊಲಾಬ್’ ಬಗ್ಗೆ: ಗುರುತು ಇಂಗ್ಲಿಷಿನಲ್ಲಿ ಇರಬಹುದು, ಇಲ್ಲವೇ ಜಾಹೀರಾತಿನ ಭಾಷೆಯಲ್ಲಿ ಸಾಮಾನ್ಯ ಜನಕ್ಕೆ ತಿಳಿಯುವಂತೆ ಇರಬೇಕು ಅನ್ನುತ್ತದೆ ಆಸ್ಕಿ. ನಮ್ಮತ್ತೆ ಒಂದು ವಿಡಿಯೊ ನೋಡುತ್ತಾ “ಕೊಲಾಬ್ ಅಂದ್ರೆ ಗುಲಾಬ್ ಜಾಮೂನ್ ಥರದ್ದಾ?” ಅಂತ ಕೇಳಿದ್ದರು. ಕನ್ನಡದಲ್ಲಿ ಮಾತಾಡುವವರು ಕನ್ನಡದಲ್ಲೇ ‘ಜಾಹೀರಾತು’ ಅಂತ ಹಾಕಿ. ನಾಚಿಕೆ ಯಾಕೆ?

ರಿವ್ಯೂ ನಂಬಿ ವಾಟರ್ ಫಿಲ್ಟರ್ ಕೊಂಡು ಮೋಸ ಹೋದೆ. ಯಾರಿಗೆ ಹೇಳಲಿ?
*ದಾವಣಗೆರೆಯ ಓದುಗರು*

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಬಿಲ್ ಇಟ್ಟುಕೊಳ್ಳಿ. ಆ ರಿವ್ಯೂ ಪುಟದ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ದೂರು ಹೋದ ಮೇಲೆ ಪುಟ ಮಾಯವಾದೀತು.

ಬ್ಲಾಗ್ ಬರೆಯುವ ಪಾಪದವರಿಗೆ ಬುದ್ಧಿ ಹೇಳುತ್ತೀರಿ. ನಿಮ್ಮ ಪತ್ರಿಕೆಗಳು ಮಾಡುವುದೇನು? ಜ್ಯೋತಿಷ್ಯದಿಂದ ಅಪಾರ್ಟ್‌ಮೆಂಟ್‌ವರೆಗೆ ಎಲ್ಲ ಕಾಸಿನ ಲೇಖನ ಅಲ್ವಾ?
*ಬೆಂಗಳೂರಿನ ಓದುಗರು*

ಈ ಪತ್ರವನ್ನು ಸಂಪಾದಕರು ತೆಗೆದುಹಾಕಲಿಲ್ಲ, ಅದಕ್ಕೆ ಅವರಿಗೆ ಥ್ಯಾಂಕ್ಸ್.

ನೀವು ಹೇಳಿದ್ದು ಸರಿ. ಬ್ಲಾಗಿನವರಿಗೆ ಕಾಸು ಕೊಟ್ಟು ಬರೆಸುವ ವ್ಯಾಪಾರ ಅಮೆರಿಕದಲ್ಲಿ ಜೋರಾದದ್ದು 2006ರಲ್ಲಿ, ಫ್ಲಾರಿಡಾದ ಪೇ-ಪರ್-ಪೋಸ್ಟ್ ಅನ್ನುವ ಕಂಪನಿ ಶುರುವಾದ ಮೇಲೆ. ಗದ್ದಲವೂ ಆಯಿತು. ಕಾಸು ಪಡೆದದ್ದನ್ನು ಬ್ಲಾಗಿನವರೂ ಹೇಳಬೇಕು ಅಂತ 2009ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಸ್ಪಷ್ಟಪಡಿಸಿತು. ಅದೇ 2009ರಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? ಲೋಕಸಭಾ ಚುನಾವಣೆ, ಅದರ ಹಿಂದೆಯೇ ಪತ್ರಿಕೆಗಳ ‘ಕಾಸಿಗಾಗಿ ಸುದ್ದಿ’ಯ ಗಲಾಟೆ. ಭಾರತೀಯ ಪತ್ರಿಕಾ ಮಂಡಳಿ ಇಬ್ಬರ ಉಪಸಮಿತಿ ಮಾಡಿತು. ಅವರು 2010ರಲ್ಲಿ ಹೆಸರು ಸಮೇತ ಉದ್ದದ ವರದಿ ಕೊಟ್ಟರು. ಮಂಡಳಿ ಆಗ ಅದನ್ನು ಪೂರ್ತಿ ಹೊರಗೆ ಬಿಡದೆ ಚಿಕ್ಕದು ಮಾಡಿ ಕೊಟ್ಟಿತು. ಅಭ್ಯರ್ಥಿಯ ಹೊಗಳಿಕೆ ಮಾರಿದವರ ಮುಂದೆ ನನ್ನ ಗ್ರೈಂಡರ್ ಸಣ್ಣದು, ಒಪ್ಪುತ್ತೇನೆ. ಎದುರುಮನೆಯವರಿಗೆ ಹಾಗೆ ಹೇಳಲಾರೆ.

ನಮ್ಮ ಪತ್ರಿಕೆಯ ಪುರವಣಿಯಲ್ಲಿ ಮನೆ, ಸೈಟು, ಚಿನ್ನದ ಲೇಖನ ಬಂದರೆ ಪುಟದ ಮೂಲೆ ನೋಡಿ. ‘ಪ್ರಾಯೋಜಿತ’ ಅಂತ ಇರುತ್ತದೆ. ಓದಲು ನನಗೆ ಕನ್ನಡಕ ಬೇಕಾಗುತ್ತದೆ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಅಂತ ಸಂಪಾದಕರಿಗೆ ಹೋದ ವಾರ ಹೇಳಿದೆ. “ನೋಡೋಣ” ಅಂದಿದ್ದಾರೆ.